ಲಕ್ವಾ ಹೊಡೆದಾಗ ಇಂಜೆಕ್ಷನ್ನಾ, ಕ್ಲಾಟ್ ಎಳಸೋದಾ, ಸ್ಟೆಂಟಾ? ನಮ್ಮ ಉತ್ತರ ಕನ್ನಡದವ್ರ ಲೆಕ್ಕ

ಅಂಗಡಿಗೆ ಬರೋರು ಈಗೀಗ ಕೇಳೋ ಪ್ರಶ್ನೆ ಒಂದೇ ನಮೂನಿ ಆಗ್ಬಿಟ್ಟಿದೆ. "ಹಾರ್ಟಿಗೆ ಸ್ಟೆಂಟ್ ಹಾಕ್ತಾರಲ್ರಾ, ಹಂಗೇ ತಲೆಗೂ ಒಂದು ಹಾಕಿಸ್ಬಿಟ್ರೆ ಲಕ್ವಾ ಸರಿ ಆಗ್ತದಲ್ದಾ?" ಸ್ಟೆಂಟ್ ಅಂದ್ರೆ ಕಿರಿದಾದ ರಕ್ತನಾಳವನ್ನ ತೆರೆದಿಡೋ ಲೋಹದ ಜಾಳಿಗೆ ಕೊಳವೆ. ಕೇಳೋರ ತಪ್ಪಿಲ್ಲ, ಊರಿಗೊಬ್ರು ಹಾರ್ಟ್ ಸ್ಟೆಂಟ್ ಹಾಕಿಸ್ಕೊಂಡು ವಾರಕ್ಕೆ ಮನೆಗೆ ಬಂದು ತೋಟ ತಿರುಗ್ತಾ ಇರೋದನ್ನ ಎಲ್ರೂ ನೋಡಿರ್ತಾರೆ. ನಾನು ಶಿರಸಿಯಲ್ಲಿ ಮೆಡಿಕಲ್ ಶಾಪ್ ಇಟ್ಕೊಂಡವ್ನು, ಡಾಕ್ಟರಲ್ಲ. ಆದ್ರೆ ನಮ್ಮನೇಲೇ ಆದಮೇಲೆ ಇದ್ರ ಹಿಂದೆ ಬಿದ್ದು ಓದಿದ್ದು, ಕೇಳಿದ್ದು ಬಾಳ ಇದೆ, ಅದನ್ನ ಒಂದ್ಕಡೆ ಬರೆದಿಡೋಣ ಅಂತ.

ನಮ್ಮ ದೊಡ್ಡಪ್ಪ, 2022ರ ಬೇಸಿಗೆ, ಚಾಲಿ ಸುಲಿಯೋ ಟೈಮು. ಬೆಳಿಗ್ಗೆ ಒಂಬತ್ತೂವರೆಗೆ ತಿಂಡಿ ತಿಂದು ಕವಳ ಹಾಕ್ಕೊಂಡು ಜಗಲಿಯಲ್ಲಿ ಅಡಿಕೆ ಸುಲಿತಾ ಕೂತಿದ್ರು. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ನೋಡಿದ್ರೆ ಎಡಗಡೆ ಬಾಯಿ ಮೂಲೆಯಿಂದ ಕವಳದ ಕೆಂಪು ರಸ ಅಂಗಿ ಮೇಲೆ ಇಳೀತಾ ಇದೆ, ಇವ್ರಿಗೆ ಅದು ಗೊತ್ತೇ ಇಲ್ಲ. ಎಡಗೈಯಲ್ಲಿ ಹಿಡಿದ ಅಡಿಕೆ ಬೀಳ್ತದೆ, ಮತ್ತೆ ಎತ್ತಕ್ಕೆ ಹೋಗ್ತಾರೆ, ಮತ್ತೆ ಬೀಳ್ತದೆ. "ರಾತ್ರಿ ನಿದ್ದೆ ಇಲ್ಲ, ಅದ್ಕೇ" ಅಂತ ಅವರೇ ಹೇಳಿದ್ರಂತೆ, ಮಾತು ತೊದಲ್ತಾ ಇತ್ತು. ಹತ್ರದ ಒಂದು ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋದ್ರು, ಅಲ್ಲಿ ತಲೆ ಸ್ಕ್ಯಾನ್ ಮಾಡೋ ಸಿಟಿ ಮಷಿನ್ ಇಲ್ಲ, ಆದ್ರೂ "ವೀಕ್‌ನೆಸ್" ಅಂತ ಒಂದು ಬಾಟ್ಲಿ ಸಲೈನ್ ಏರಿಸಿ ಎರಡು ತಾಸು ಮಲಗಿಸಿದ್ರು. ಆ ಎರಡು ತಾಸಿನ ಸಿಟ್ಟು ನಂಗೆ ಇವತ್ತಿಗೂ ಇಳಿದಿಲ್ಲ. ಹುಬ್ಬಳ್ಳಿಗೆ ಮುಟ್ಟಿದಾಗ ಮಧ್ಯಾಹ್ನ ಮೂರು.

ಈಗ ವಿಷಯಕ್ಕೆ ಬರ್ತೇನೆ. ಯಾವ ಚಿಕಿತ್ಸೆ ಅನ್ನೋದಕ್ಕಿಂತ ಮೊದ್ಲು ಯಾವ್ಯಾವ್ದನ್ನ ನೋಡಿ ನಿರ್ಧಾರ ಮಾಡ್ತಾರೆ ಅನ್ನೋದು ಗೊತ್ತಿರ್ಬೇಕು, ಇಲ್ದಿದ್ರೆ ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳೋದು ತಲೆಗೇ ಹೋಗಲ್ಲ.

ಮೊದಲನೇದು ಗಡಿಯಾರ. ಲಕ್ಷಣ ಯಾವಾಗ ಕಂಡ್ತು ಅಂತಲ್ಲ, ಆ ಮನುಷ್ಯ ಕೊನೇ ಸಲ ಸರಿಯಾಗಿ ಇದ್ದದ್ದನ್ನ ಯಾವಾಗ ನೋಡಿದ್ರಿ ಅಂತ ಕೇಳ್ತಾರೆ. ರಾತ್ರಿ ಹತ್ತಕ್ಕೆ ಸರಿ ಇದ್ದು ಮಲಗಿದವ್ರು ಬೆಳಿಗ್ಗೆ ಆರಕ್ಕೆ ಏಳೋವಾಗ ಕೈ ಬಿದ್ದಿದ್ರೆ ಲೆಕ್ಕ ರಾತ್ರಿ ಹತ್ತರಿಂದ. ದೊಡ್ಡ ರಕ್ತನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯ್ತಾವೆ ಅಂತ 2006ರಲ್ಲೇ ಲೆಕ್ಕ ಹಾಕಿದಾರೆ, ಎರಡು ತಾಸಿನ ಸಲೈನಿಗೆ ಎಷ್ಟಾಯ್ತು ನೀವೇ ಗುಣಿಸಿ. ಎರಡನೇದು, ತಲೆಯೊಳಗೆ ರಕ್ತ ಸೋರಿದ್ದಾ ಅಥವಾ ನಾಳ ಕಟ್ಟಿದ್ದಾ. ಹೊರಗಿಂದ ನೋಡಕ್ಕೆ ಎರಡೂ ಒಂದೇ ಥರ, ಸಿಟಿ ಮಾಡದೇ ಯಾವ ದೊಡ್ಡ ಡಾಕ್ಟರಿಗೂ ಗ್ಯಾರಂಟಿ ಹೇಳಕ್ಕಾಗಲ್ಲ, ಎರಡಕ್ಕೂ ಔಷಧಿ ಮಾತ್ರ ಪೂರಾ ಉಲ್ಟಾ. ಅದ್ಕೇ ಮನೇಲಿ ಆಸ್ಪಿರಿನ್ ನುಂಗಿಸ್ಬೇಡಿ ಅನ್ನೋದು. ಎದೆನೋವಿಗೆ ಕೊಡ್ತಾರಲ್ಲ ಅಂತ ಇದಕ್ಕೂ ಕೊಟ್ಟು ಬಂದವ್ರನ್ನ ನೋಡಿದೇನೆ, ನೀರು ಸಹ ಕುಡಿಸ್ಬಾರ್ದು, ನುಂಗೋ ಶಕ್ತಿ ಹೋಗಿದ್ರೆ ಸೀದಾ ಶ್ವಾಸಕೋಶಕ್ಕೆ ಇಳೀತದೆ.

ಮೂರನೇದು ಕಟ್ಟಿದ ನಾಳ ದೊಡ್ಡದಾ ಸಣ್ಣದಾ, ಇದು ಸಿಟಿ ಆಂಜಿಯೋ, ಅಂದ್ರೆ ರಕ್ತನಾಳ ತೋರ್ಸೋ ಸ್ಕ್ಯಾನ್ ಮಾಡಿದ್ರೆ ಕಾಣ್ತದೆ. ನಾಲ್ಕನೇದನ್ನ ಜನ ಕೇಳೋದೇ ಇಲ್ಲ, ಆದ್ರೆ ಸ್ಟೆಂಟಿನ ವಿಷಯ ಪೂರಾ ನಿಂತಿರೋದು ಅದ್ರ ಮೇಲೇ. ಕಟ್ಟಿದ್ದು ಎಲ್ಲಿಂದ ಬಂತು? ಹಾರ್ಟಲ್ಲಿ ಹೆಪ್ಪುಗಟ್ಟಿದ್ದು ಹರಿದು ಬಂದು ಸಿಕ್ಕಿಹಾಕ್ಕೊಂಡಿದ್ದಾ, ಇಲ್ಲಾ ಆ ನಾಳವೇ ವರ್ಷಗಟ್ಲೆ ಕೊಬ್ಬು ಕೂತು ಕಿರಿದಾಗ್ತಾ ಬಂದು ಅಲ್ಲೇ ಮುಚ್ಚಿದ್ದಾ? ಮೊದಲನೇದು ಪೈಪಿಗೆ ಎಲೆ ಸಿಕ್ಕಿದ ಹಾಗೆ, ಎಲೆ ಎಳೆದ್ರೆ ನೀರು ಹರೀತದೆ. ಎರಡನೇದು ಪೈಪೇ ಪಾಚಿ ಕಟ್ಟಿದ ಹಾಗೆ, ಎಷ್ಟು ಎಳೆದ್ರೂ ಮತ್ತೆ ಕಟ್ತದೆ. ಈ ಎರಡನೇ ಜಾತಿ ನಮ್ಮ ಏಷ್ಯಾದವ್ರಲ್ಲಿ ಬಿಳಿಯರಿಗಿಂತ ಜಾಸ್ತಿ, ಶುಗರ್ ಬಿಪಿ ಎರಡೂ ಇದ್ದವ್ರಲ್ಲಿ ಇನ್ನೂ ಜಾಸ್ತಿ.

ಆಮೇಲೆ ರಕ್ತಸ್ರಾವದ ಅಪಾಯ, ದೂರ, ದುಡ್ಡು. ಇವು ಒಂದೊಂದ್ರ ಜೊತೆಗೇ ಬರ್ತಾವೆ.

ಇಂಜೆಕ್ಷನ್

ಕ್ಲಾಟ್, ಅಂದ್ರೆ ಹೆಪ್ಪುಗಟ್ಟಿದ ರಕ್ತವನ್ನ ಕರಗಿಸೋ ಇಂಜೆಕ್ಷನ್ನು, ಆಲ್ಟಿಪ್ಲೇಸ್ ಅಥವಾ ಟೆನೆಕ್ಟಿಪ್ಲೇಸ್. ನಾಲ್ಕೂವರೆ ತಾಸಿನ ಒಳಗೆ ಕೊಡ್ಬೇಕು, ಅದ್ರಲ್ಲೂ ಮೊದ್ಲ ತಾಸುಗಳಲ್ಲಿ ಕೊಟ್ಟಷ್ಟು ಲಾಭ ಜಾಸ್ತಿ. ಇದ್ರ ದೊಡ್ಡ ಗುಣ ಅಂದ್ರೆ ಕ್ಯಾಥ್ ಲ್ಯಾಬ್ (ನಾಳದೊಳಗೆ ನಳಿಗೆ ಕಳಿಸಿ ಚಿಕಿತ್ಸೆ ಮಾಡೋ ಕೋಣೆ) ಬೇಡ, ಸಿಟಿ ಇದ್ದು ಕೊಡೋ ಧೈರ್ಯ ಇರೋ ಡಾಕ್ಟರಿದ್ರೆ ಸಾಕು, ಖರ್ಚೂ ಹತ್ತಾರು ಸಾವಿರದಲ್ಲಿ ಮುಗೀತದೆ. ಆಲ್ಟಿಪ್ಲೇಸ್ ಆದ್ರೆ ಕಿಲೋಗೆ 0.9 ಮಿಲಿಗ್ರಾಂ ಲೆಕ್ಕ, 90 ದಾಟಬಾರ್ದು, ಹತ್ತನೇ ಒಂದು ಪಾಲು ಮೊದ್ಲೇ ಕೊಟ್ಟು ಉಳಿದಿದ್ದನ್ನ ಒಂದು ತಾಸು ಪಂಪಲ್ಲಿ ಬಿಡ್ಬೇಕು. ಟೆನೆಕ್ಟಿಪ್ಲೇಸ್ ಒಂದೇ ಸಲ ಚುಚ್ಚಿ ಮುಗಿಸೋದು. ಘಟ್ಟದ ತಿರುವಲ್ಲಿ ಆಂಬುಲೆನ್ಸ್ ಒಳಗೆ ಪಂಪ್ ಹಿಡ್ಕೊಂಡು ಕೂರೋದನ್ನ ನೆನೆಸ್ಕೊಂಡ್ರೆ ನಮ್ಮ ಕಡೆಗೆ ಯಾವ್ದು ಅನುಕೂಲ ಅಂತ ಹೇಳ್ಬೇಕಾಗಿಲ್ಲ.

ಕೊರತೆಗಳೂ ಇದಾವೆ. 1995ರ ಮೊದ್ಲ ದೊಡ್ಡ ಪ್ರಯೋಗದಲ್ಲೇ ಆಲ್ಟಿಪ್ಲೇಸ್ ತಗೊಂಡ 100 ಜನರಲ್ಲಿ 6 ಜನಕ್ಕೆ ತಲೆಯೊಳಗೆ ತೊಂದ್ರೆ ಕೊಡೋವಷ್ಟು ರಕ್ತ ಸೋರಿತ್ತು, ಆದ್ರೂ ಒಟ್ಟು ಲೆಕ್ಕದಲ್ಲಿ ಲಾಭವೇ ಜಾಸ್ತಿ ಅಂತ ಒಪ್ಕೊಂಡ್ರು. ವಾಲ್ವ್ ಆಪರೇಷನ್ ಆಗಿ ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ತಗೊಳ್ತಾ ಐಎನ್ಆರ್ (ರಕ್ತ ಎಷ್ಟು ತೆಳುವಾಗಿದೆ ಅನ್ನೋ ಟೆಸ್ಟ್) 1.7 ದಾಟಿದವ್ರಿಗೆ, ಮೊನ್ನೆ ಮೊನ್ನೆ ದೊಡ್ಡ ಆಪರೇಷನ್ ಆದವ್ರಿಗೆ ಕೊಡಲ್ಲ. ಬಿಪಿ 185/110ಕ್ಕಿಂತ ಕೆಳಗೆ ತಂದ್ಕೊಂಡೇ ಕೊಡೋದು. ಮತ್ತೆ ಮುಖ್ಯವಾಗಿ, ದೊಡ್ಡ ನಾಳದಲ್ಲಿ ಉದ್ದಕ್ಕೆ ಕೂತ ಕ್ಲಾಟನ್ನ ಇದು ಎಷ್ಟೋ ಸಲ ಕರಗಿಸಲ್ಲ.

ಕ್ಲಾಟ್ ಎಳೆದು ತೆಗೆಯೋದು

ಥ್ರಾಂಬೆಕ್ಟಮಿ ಅಂತಾರೆ. ತೊಡೆ ಸಂದಿಯಲ್ಲೋ ಮಣಿಕಟ್ಟಲ್ಲೋ ತೂತು ಮಾಡಿ ಸಪೂರ ನಳಿಗೆ ತಲೆ ತನಕ ಕಳಿಸಿ, ಕ್ಲಾಟನ್ನ ಹೀರಿಯೋ ಬಲೆ ಹಾಕಿಯೋ ಎಳೀತಾರೆ. ದೊಡ್ಡ ನಾಳ ಮುಚ್ಚಿದವ್ರಿಗೆ ಇದಕ್ಕಿಂತ ಒಳ್ಳೇದು ಸದ್ಯಕ್ಕೆ ಬೇರೆ ಇಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೇನೆ. 2015ರಲ್ಲಿ ಬೇರೆ ಬೇರೆ ದೇಶಗಳ ಐದು ಪ್ರಯೋಗದ ಫಲಿತಾಂಶ ಒಂದ್ರ ಹಿಂದೊಂದು ಬಂತು, ಐದನ್ನೂ ಸೇರಿಸಿ ನೋಡಿದ್ರೆ ಎಳೆಸ್ಕೊಂಡ 100 ಜನರಲ್ಲಿ 46 ಮಂದಿ ಮೂರು ತಿಂಗಳಿಗೆ ಸ್ವಂತ ಕೆಲಸ ಸ್ವಂತ ಮಾಡ್ಕೊಳ್ಳೋ ಹಾಗೆ ಆಗಿದ್ರು, ಎಳೆಸದೇ ಇದ್ದವ್ರಲ್ಲಿ ಅದು 26ರ ಆಸುಪಾಸು. ಮೊದ್ಲು 6 ತಾಸಿನ ಗಡುವಿತ್ತು, 2018ರಲ್ಲಿ ಬಂದ ಎರಡು ಪ್ರಯೋಗ ಆದ್ಮೇಲೆ ಸ್ಕ್ಯಾನಲ್ಲಿ ಉಳಿಸ್ಕೊಳ್ಳೋವಂಥ ಮೆದುಳು ಇನ್ನೂ ಇದೆ ಅಂತ ಕಂಡ್ರೆ 24 ತಾಸಿನ ತನಕವೂ ಮಾಡ್ತಾರೆ. ಹಂಗಂತ 24 ತಾಸು ಟೈಮಿದೆ ಅಂತ ಕೂರೋದಲ್ಲ ಮಾರಾಯ್ರೆ, ಅದು ಆರಿಸಿದ ಕೆಲವ್ರಿಗೆ ಮಾತ್ರ.

ಇಲ್ಲೊಂದು ಗೊಂದಲ ಬಿಡಿಸ್ಬೇಕು. ಎಳೆಯೋಕೆ ಬಳಸೋ ಬಲೆಗೆ ಸ್ಟೆಂಟ್ ರಿಟ್ರೀವರ್ ಅಂತ ಹೆಸ್ರು. ಮನೆಯವ್ರು ಹೊರಗೆ ನಿಂತಾಗ "ಸ್ಟೆಂಟ್" ಅನ್ನೋ ಶಬ್ದ ಒಂದೇ ಕಿವಿಗೆ ಬಿದ್ದಿರ್ತದೆ, ಊರಿಗೆ ಬಂದು "ನಮ್ಮ ಮಾವಂಗೆ ತಲೇಲಿ ಸ್ಟೆಂಟ್ ಹಾಕಿದ್ರು" ಅಂತಾರೆ. ಒಳಗೆ ಬಿಟ್ಟೇ ಇರಲ್ಲ, ಕ್ಲಾಟ್ ಜೊತೆಗೆ ಅದೂ ಹೊರಗೆ ಬಂದಿರ್ತದೆ. ಡಿಸ್ಚಾರ್ಜ್ ಶೀಟ್ ನೋಡಿದ್ರೆ ಗೊತ್ತಾಗ್ತದೆ, ನಿಮ್ಮ ಮಾತ್ರೆ ಎಷ್ಟು ದಿನ ಅನ್ನೋದೂ ಅದ್ರ ಮೇಲೇ ಇರೋದ್ರಿಂದ ನೋಡ್ಕೊಳ್ಳಿ.

ಇಂಜೆಕ್ಷನ್ನಾ ಇದಾ ಅಂತ ಆರಿಸೋ ಪ್ರಶ್ನೆ ಸಾಮಾನ್ಯಕ್ಕೆ ಬರಲ್ಲ. ಟೈಮಿದ್ರೆ ಹತ್ರದ ಸಿಟಿ ಇರೋ ಕಡೆ ಇಂಜೆಕ್ಷನ್ ತಗೊಂಡು, ದೊಡ್ಡ ನಾಳ ಅಂತ ಅನುಮಾನ ಇದ್ರೆ ಅದೇ ಆಂಬುಲೆನ್ಸಲ್ಲಿ ಮುಂದೆ ಹೋಗೋದು. ಇಂಜೆಕ್ಷನ್ ಕೆಲಸ ಮಾಡ್ತದಾ ನೋಡೋಣ ಅಂತ ಅಲ್ಲೇ ಕಾಯೋದು ಮಾತ್ರ ಬೇಡ.

ಬಲೂನು, ಸ್ಟೆಂಟು

ದೊಡ್ಡಪ್ಪನ ಕಥೆ ಇಲ್ಲಿಗೆ ಬರ್ತದೆ. ಐದೂವರೆ ತಾಸು ದಾಟಿದ್ರಿಂದ ಇಂಜೆಕ್ಷನ್ ಹೋಯ್ತು. ಬಲಗಡೆ ಮಿಡಲ್ ಸೆರೆಬ್ರಲ್ ಆರ್ಟರಿ, ಮೆದುಳಿನ ಒಂದು ದೊಡ್ಡ ನಾಳ, ಮುಚ್ಚಿತ್ತು, ಕ್ಯಾಥ್ ಲ್ಯಾಬಿಗೆ ಒಯ್ದ್ರು. ಒಂದು ಸಲ ಎಳೆದ್ರು, ತೆರೀತು, ಹತ್ತು ನಿಮಿಷಕ್ಕೆ ಮತ್ತೆ ಮುಚ್ತು. ಇನ್ನೊಂದ್ಸಲ ಎಳೆದ್ರು, ಮತ್ತೆ ಅದೇ. ಆಗ ಡಾಕ್ಟರ್ ಸೀಸದ ಏಪ್ರನ್ ಹಾಕ್ಕೊಂಡೇ ಹೊರಗೆ ಬಂದು, "ನಾಳವೇ ಕಿರಿದಾಗಿದೆ, ಒಳಗೆ ಸಣ್ಣ ಬಲೂನ್ ಉಬ್ಬಿಸಿ ಸ್ಟೆಂಟ್ ಬಿಟ್ರೆ ತೆರೆದು ನಿಲ್ಬಹುದು, ರಕ್ತ ಸೋರೋ ರಿಸ್ಕೂ ಇದೆ, ಐದು ನಿಮಿಷದಲ್ಲಿ ಹೇಳಿ" ಅಂದ್ರು. ದೊಡ್ಡಪ್ಪನ ಮಗ ಬೆಂಗಳೂರಲ್ಲಿ, ಫೋನ್ ಹತ್ತಲ್ಲ. ಪೆನ್ನು ನನ್ನ ಕೈಯಲ್ಲಿ.

ಹಾರ್ಟಿನ ನಾಳಕ್ಕೂ ತಲೆಯ ನಾಳಕ್ಕೂ ಎಂತ ವ್ಯತ್ಯಾಸ ಅಂತ ಆಮೇಲೆ ತಿಳ್ಕೊಂಡೆ, ಆವತ್ತೇ ಗೊತ್ತಿದ್ರೆ ಕೈ ಇನ್ನೂ ನಡುಗ್ತಿತ್ತು. ಹಾರ್ಟಿನ ನಾಳದ ಸುತ್ತ ಮಾಂಸದ ಆಸರೆ ಇದೆ. ತಲೆಯೊಳಗಿನದ್ದು ನೀರಲ್ಲಿ ತೇಲೋ ತೆಳು ಗೋಡೆಯ ನಾಳ, ಅಗಲ ಎರಡೂವರೆ ಮೂರು ಮಿಲಿಮೀಟರ್ ಇದ್ರೆ ಹೆಚ್ಚು. ಬಲೂನ್ ಸ್ವಲ್ಪ ಜಾಸ್ತಿ ಉಬ್ಬಿದ್ರೂ ಒಡೀಬಹುದು, ಒಡೆದ್ರೆ ಹಿಡಿಯೋರಿಲ್ಲ. ಇನ್ನೊಂದು, ಆ ನಾಳದಿಂದ ಕೂದಲೆಳೆಯಂಥ ಸಣ್ಣ ಸಣ್ಣ ಕೊಂಬೆ ಹೊರಟು ಮೆದುಳಿನ ಆಳಕ್ಕೆ ಹೋಗ್ತಾವೆ, ಬಲೂನ್ ಒತ್ತಿದಾಗ ಕೊಬ್ಬು ಪಕ್ಕಕ್ಕೆ ಸರಿದು ಆ ಕೊಂಬೆಗಳ ಬಾಯಿ ಮುಚ್ಚಿದ್ರೆ ಹೊಸ ಲಕ್ವಾ. ಮತ್ತೆ ಸ್ಟೆಂಟ್ ಅಂದ್ರೆ ಲೋಹ, ಅದ್ರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಕೂಡ್ಲೇ ಕೊಡ್ಬೇಕು, ನುಂಗಕ್ಕಾಗದವ್ರಿಗೆ ಮೂಗಿನ ನಳಿಗೆಯಲ್ಲಿ. ಅದೇ ಹೊತ್ತಿಗೆ ಮೆದುಳಿನ ಸತ್ತ ಭಾಗ ಹಸಿ ಗಾಯ ಇದ್ದ ಹಾಗೆ ಇರ್ತದೆ, ಅಲ್ಲಿ ರಕ್ತ ಸೋರಕ್ಕೆ ಇವೇ ಮಾತ್ರೆ ದಾರಿ ಮಾಡ್ತಾವೆ. ಮಾತ್ರೆ ಕೊಟ್ರೆ ಸೋರೋ ಭಯ, ಬಿಟ್ರೆ ಸ್ಟೆಂಟೇ ಮುಚ್ಚೋ ಭಯ. ಕರಗಿಸೋ ಇಂಜೆಕ್ಷನ್ ಕೊಟ್ಟವ್ರಿಗೆ ಸಾಮಾನ್ಯವಾಗಿ 24 ತಾಸು ಈ ಮಾತ್ರೆ ಕೊಡದೇ ಕಾಯ್ತಾರೆ, ಸ್ಟೆಂಟ್ ಬಿಟ್ರೆ ಕಾಯೋ ಹಾಗಿಲ್ಲ, ಹಾಗಾಗಿ ಅವ್ರಿಗೆ ಭಯ ಇನ್ನೊಂದು ಪಟ್ಟು.

ಫಲಿತಾಂಶ ಎಂತ ಹೇಳ್ತದೆ ಅಂದ್ರೆ, 2024ರಲ್ಲಿ ಚೀನಾದಿಂದ ಏಂಜೆಲ್ ರೀಬೂಟ್ ಅಂತ ಒಂದು ಪ್ರಯೋಗದ ವರದಿ ಬಂತು, ಎಳೆದ ಮೇಲೂ ಸರಿಯಾಗಿ ತೆರೆಯದ ಅಥವಾ ಮತ್ತೆ ಮುಚ್ಚೋ ಹಾಗಿದ್ದ ನಾಳಗಳಿಗೆ ಬಲೂನ್ ಸ್ಟೆಂಟ್ ಮಾಡಿದವ್ರನ್ನೂ ಮಾಡದವ್ರನ್ನೂ ಹೋಲಿಸಿದ್ರು, ಮೂರು ತಿಂಗಳಿಗೆ ಓಡಾಟದಲ್ಲಿ ಮೇಲು ಅನ್ನೋವಂಥ ವ್ಯತ್ಯಾಸ ಸಿಗ್ಲಿಲ್ಲ, ರಕ್ತಸ್ರಾವ ಮತ್ತೆ ನಾಳದ ಗೋಡೆ ಸೀಳೋದು ಮಾತ್ರ ಜಾಸ್ತಿ ಆಯ್ತು. ಆದ್ರೆ ಎಳೆದಷ್ಟೂ ಪೂರ್ತಿ ಮುಚ್ಚಿಕೊಳ್ತಾ ಇರೋ ನಾಳವನ್ನ ಹಾಗೇ ಬಿಟ್ಟು ಬಂದ್ರೆ ಮುಂದೇನು ಅನ್ನೋದೂ ಡಾಕ್ಟ್ರುಗಳಿಗೆ ಗೊತ್ತು, ಅಂಥವ್ರಿಗೆ ಸ್ಟೆಂಟ್ ಮಾಡಿ ಒಳ್ಳೇದಾದ ವರದಿಗಳೂ ಬೇಕಾದಷ್ಟಿವೆ, ಅದ್ಕೇ ಅವ್ರವ್ರಲ್ಲೇ ವಾದ ಇದೆ. ನನ್ನ ಅಭಿಪ್ರಾಯ ಕೇಳಿದ್ರೆ, ಇದು ಮೊದಲ ಆಯ್ಕೆ ಅಲ್ಲವೇ ಅಲ್ಲ, ಎಳೆದೂ ಎಳೆದೂ ಮುಚ್ಚೋವಾಗ, ನಾಳ ಕಿರಿದಾಗಿದೆ ಅಂತ ಖಾತ್ರಿ ಆದಾಗ, ಸ್ಕ್ಯಾನಲ್ಲಿ ಸತ್ತ ಜಾಗ ಸಣ್ಣದಿದ್ದಾಗ ಮಾತ್ರ. ನಾನು ಸೈನ್ ಹಾಕ್ದೆ. ದೊಡ್ಡಪ್ಪಂಗೆ ಇಂಜೆಕ್ಷನ್ ಕೊಟ್ಟಿರ್ಲಿಲ್ಲ ಅನ್ನೋದು ಆ ಹೊತ್ತಿಗೆ ಒಂದು ಲೆಕ್ಕದಲ್ಲಿ ಅನುಕೂಲವೇ ಆಯ್ತು. ಸ್ಟೆಂಟ್ ತೆರೆದು ನಿಂತ್ತು. ಕಾಲು ಬಂತು, ಮಾತು ಬಂತು, ಎಡಗೈ ಬೆರಳು ಪೂರ್ತಿ ಬರ್ಲಿಲ್ಲ, ಈಗ ಸುಲಿಯೋದಿಲ್ಲ, ಬಲಗೈಯಲ್ಲಿ ಅಡಿಕೆ ಆರಿಸ್ತಾರೆ.

ಅವಸರ ಇಲ್ಲದಾಗ

ಇದು ಬೇರೆಯೇ ವಿಷಯ, ಕಲಸ್ಬೇಡಿ. ಸಣ್ಣ ಲಕ್ವಾ ಬಂದು ಹೋಗಿ ಹುಷಾರಾದ ಮೇಲೆ ಸ್ಕ್ಯಾನಲ್ಲಿ ತಲೆಯೊಳಗಿನ ನಾಳ 70-80 ಪರ್ಸೆಂಟ್ ಕಿರಿದಾಗಿದೆ ಅಂತ ಕಂಡ್ರೆ "ಮುಂಚಿತವಾಗಿ ಸ್ಟೆಂಟ್ ಹಾಕಿಸಿ ಬಿಡೋಣ" ಅಂತ ಮನೆಯವ್ರಿಗೆ ಅನಿಸ್ತದೆ. 2011ರಲ್ಲಿ ಅಮೆರಿಕದ ಸ್ಯಾಂಪ್ರಿಸ್ ಪ್ರಯೋಗ ಇದನ್ನೇ ನೋಡಿತ್ತು, ಸ್ಟೆಂಟ್ ಹಾಕಿದವ್ರಲ್ಲಿ 30 ದಿನದೊಳಗೆ ಮತ್ತೆ ಲಕ್ವಾ ಅಥವಾ ಸಾವು 14.7 ಪರ್ಸೆಂಟ್, ಬರೀ ಮಾತ್ರೆಯಲ್ಲಿದ್ದವ್ರಲ್ಲಿ 5.8. ಮಧ್ಯದಲ್ಲೇ ಹೊಸಬ್ರನ್ನ ಸೇರಿಸೋದನ್ನ ನಿಲ್ಲಿಸಿದ್ರು. ಆ ಮಾತ್ರೆ ಅಂದ್ರೂ ನಾಮಕಾವಾಸ್ತೆ ಅಲ್ಲ, 90 ದಿನ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್, ಮೇಲಿನ ಬಿಪಿ 140ರ ಕೆಳಗೆ, ಕೆಟ್ಟ ಕೊಲೆಸ್ಟ್ರಾಲ್ 70ರ ಕೆಳಗೆ, ಬೀಡಿ ಬಂದ್. 2024ರಲ್ಲಿ ಚೀನಾದವ್ರು ಸ್ಟೆಂಟ್ ಬಿಡದೇ ಸಣ್ಣ ಅಳತೆಯ ಬಲೂನನ್ನ ನಿಧಾನ ಉಬ್ಬಿಸಿ ಒಳ್ಳೇ ಫಲಿತಾಂಶ ತೋರ್ಸಿದಾರೆ, ಕೈ ಪಳಗಿದವ್ರು ಮಾಡಿದ್ದು ಅದು. ಸದ್ಯಕ್ಕೆ ಯಾರಾದ್ರೂ ನಿಮಗೆ ಸಾವಕಾಶದ ಕೇಸಿಗೆ ತಲೆ ಸ್ಟೆಂಟ್ ಅಂದ್ರೆ ಇನ್ನೊಬ್ಬ ನ್ಯೂರಾಲಜಿಸ್ಟ್ ಹತ್ರ ಫೈಲ್ ತೋರ್ಸಿ.

ಕತ್ತಿನ ನಾಳದ ಲೆಕ್ಕವೇ ಬೇರೆ. ಕೆರೋಟಿಡ್ ಕಿರಿದಾಗಿ ಲಕ್ವಾ ಆಗಿದ್ರೆ ಎರಡು ವಾರದೊಳಗೆ ಸರಿ ಮಾಡಿಸಿದ್ರೆ ಒಳ್ಳೇದು. ಸ್ಟೆಂಟ್ ಇದೆ, ಕತ್ತು ಕೊಯ್ದು ಕೊಬ್ಬು ತೆಗೆಯೋ ಆಪರೇಷನ್ನೂ ಇದೆ. 2010ರ ಕ್ರೆಸ್ಟ್ ಪ್ರಯೋಗದಲ್ಲಿ ಸ್ಟೆಂಟಿಗೆ ಲಕ್ವಾ ಸ್ವಲ್ಪ ಜಾಸ್ತಿ, ಆಪರೇಷನ್ನಿಗೆ ಹಾರ್ಟ್ ಅಟ್ಯಾಕ್ ಸ್ವಲ್ಪ ಜಾಸ್ತಿ. ಎಪ್ಪತ್ತು ದಾಟಿದವ್ರಿಗೆ ಆಪರೇಷನ್, ಹಾರ್ಟ್ ವೀಕ್ ಇದ್ದವ್ರಿಗೆ ಸ್ಟೆಂಟ್, ಮೋಟಾಗಿ ಹೀಗೆ.

ಯಾವ ರಸ್ತೆ

ಮೇಲಿನದ್ದೆಲ್ಲ ಆರಿಸೋದು ಡಾಕ್ಟ್ರು. ನಾವು ನಿಜವಾಗಿ ಆರಿಸೋದು ಯಾವ ದಿಕ್ಕಿಗೆ ಗಾಡಿ ತಿರುಗಿಸ್ಬೇಕು ಅನ್ನೋದನ್ನ, ಅದೂ ಗಾಬರಿಯಲ್ಲಿ. ಕಾರವಾರ ಅಂಕೋಲಾದವ್ರಿಗೆ ಕಾರವಾರದ ಮೆಡಿಕಲ್ ಕಾಲೇಜು ಮೊದ್ಲು, ಅಲ್ಲಿಂದ ಮುಂದೆ ಗೋವಾದ ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜು, ಹೊರರಾಜ್ಯದವ್ರಿಗೆ ಅಲ್ಲಿ ಫೀಸ್ ಇದೆ ಅನ್ನೋದು ನೆನಪಿರ್ಲಿ. ಹೊನ್ನಾವರ ಭಟ್ಕಳದವ್ರು ಮಣಿಪಾಲದ ಕಡೆ, ಶಿರಸಿ ಯಲ್ಲಾಪುರ ಮುಂಡಗೋಡದವ್ರು ಹುಬ್ಬಳ್ಳಿ ಧಾರವಾಡ, ಸಿದ್ದಾಪುರದವ್ರು ಶಿವಮೊಗ್ಗ. ಕುಮಟಾದವ್ರದ್ದೇ ಕಷ್ಟ, ಎಲ್ಲಾ ಕಡೆಗೂ ದೂರ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಆಸುಪಾಸು, ಮ್ಯಾಪ್ ತೋರ್ಸೋ ಟೈಮಿಗೆ ಮಳೆಗಾಲದಲ್ಲಿ ಅರ್ಧ ತಾಸು ಸೇರಿಸಿ. 2024ರ ಜುಲೈಲಿ ಅಂಕೋಲಾ ಹತ್ರದ ಶಿರೂರು ಗುಡ್ಡ ಕುಸಿದು ಹೆದ್ದಾರಿ ದಿನಗಟ್ಲೆ ಬಂದ್ ಆಗಿತ್ತು, ಅದಾಗಿ ತಿಂಗಳೊಳಗೆ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು, ಆ ದಿನಗಳಲ್ಲಿ ಲಕ್ವಾ ಹೊಡೆದವ್ರ ಗತಿ ಎಂತ ಆಗಿರ್ಬಹುದು ಅಂತ ಯೋಚ್ನೆ ಮಾಡಕ್ಕೂ ಆಗಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಬೇಕು ಅಂತ ನಾವು ಕೂಗ್ತಾ ಬಂದಿರೋದು ಸುಮ್ನೆ ಅಲ್ಲ.

ಹಾಗಾಗಿ ಹುಷಾರಿರೋವಾಗಲೇ ಒಂದಿನ ಕೂತು ಫೋನ್ ಮಾಡಿ ಕೇಳಿಡಿ: ಹತ್ರದಲ್ಲಿ ರಾತ್ರಿ ಸಿಟಿ ಎಲ್ಲಿ ಮಾಡ್ತಾರೆ, ಕರಗಿಸೋ ಇಂಜೆಕ್ಷನ್ ಸ್ಟಾಕ್ ಇಟ್ಟಿದಾರಾ, ದೊಡ್ಡ ಊರಲ್ಲಿ ಕ್ಲಾಟ್ ಎಳೆಯೋ ಡಾಕ್ಟರ್ ಭಾನುವಾರ ರಾತ್ರಿಯೂ ಬರ್ತಾರಾ. "ನ್ಯೂರೋ ಇದೆ" ಅಂತ ಬೋರ್ಡ್ ಇದ್ರೆ ಸಾಲದು. 108ಕ್ಕೆ ಫೋನ್ ಮಾಡೋವಾಗ "ಲಕ್ವಾ, ಇಷ್ಟು ಗಂಟೆಗೆ ಸರಿ ಇದ್ರು" ಅಂತಲೇ ಹೇಳಿ, ಮತ್ತೆ ದಾರಿಯಲ್ಲೇ ಆಸ್ಪತ್ರೆಗೆ ತಿಳಿಸಿದ್ರೆ ಸಿಟಿ ರೂಮ್ ಖಾಲಿ ಇಟ್ಕೊಂಡಿರ್ತಾರೆ.

ದುಡ್ಡು. ಕ್ಲಾಟ್ ಎಳೆಯೋದು ಪ್ರೈವೇಟಲ್ಲಿ ಲಕ್ಷಗಳ ಮಾತು, ಸ್ಟೆಂಟ್ ಬಲೂನ್ ಅದ್ರ ಮೇಲೆ, ಐಸಿಯು ದಿನಕ್ಕಿಷ್ಟು ಅಂತ ಬೇರೆ. ಬಿಪಿಎಲ್ ಕಾರ್ಡಿದ್ರೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್ ಆದ್ರೆ ಪ್ಯಾಕೇಜ್ ರೇಟಿನ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದ ತನಕ. ಆಸ್ಪತ್ರೆ ಸ್ಕೀಮಲ್ಲಿದೆಯಾ, ಈ ಪ್ರೊಸೀಜರ್ ಅವ್ರ ಪ್ಯಾಕೇಜಲ್ಲಿದೆಯಾ ಅಂತ ಎರಡೂ ಕೇಳ್ಬೇಕು. ಆಮೇಲಿನ ಖರ್ಚನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ತಿಂಗಳುಗಟ್ಲೆ ಫಿಸಿಯೋಥೆರಪಿ, ಹಾಸಿಗೆ ಹಿಡಿದ್ರೆ ನೋಡ್ಕೊಳ್ಳೋರ ಕೂಲಿ. ಅದಕ್ಕೆ ಹೋಲಿಸಿದ್ರೆ ಟೈಮಿಗೆ ಸಿಕ್ಕ ಇಂಜೆಕ್ಷನ್ನೇ ಎಲ್ಲಕ್ಕಿಂತ ಅಗ್ಗ. ಮತ್ತೆ ಸ್ಟೆಂಟ್ ಹಾಕಿಸ್ಕೊಂಡವ್ರು ಮಾತ್ರೆ ತಪ್ಪಿಸೋ ಹಾಗಿಲ್ಲ, ಹಲ್ಲು ಕೀಳಿಸಕ್ಕೆ ಹೋಗೋವಾಗ ತಾವೇ ನಿಲ್ಲಿಸ್ಬಿಡೋದು, ದುಡ್ಡಿಲ್ಲ ಅಂತ ಎರಡರಲ್ಲಿ ಒಂದೇ ಒಯ್ಯೋದು, ಇದೆಲ್ಲ ನನ್ನ ಕೌಂಟರಲ್ಲಿ ದಿನಾ ನೋಡ್ತೇನೆ. ಮಾತ್ರೆ ಸರಿಯಾಗಿ ತಗೊಳ್ತಾರೆ ಅನ್ನೋ ನಂಬಿಕೆ ಇಲ್ಲದ ಮನುಷ್ಯ ಅಂದ್ರೆ ಅದನ್ನೂ ಡಾಕ್ಟರಿಗೆ ಸೈನ್ ಮಾಡೋ ಮುಂಚೆನೇ ಹೇಳ್ಬೇಕು, ನಾಚ್ಕೊಳ್ಳೋವಂಥದ್ದಲ್ಲ.

ಪೇಪರ್ ಮುಂದೆ ಹಿಡಿದಾಗ ನಾನು ಆವತ್ತು ಕೇಳ್ಬೇಕಿದ್ದದ್ದು, ಕೇಳಿರ್ಲಿಲ್ಲ: ಎಷ್ಟು ಸಲ ಎಳೆದ್ರಿ, ಹರಿದು ಬಂದ ಕ್ಲಾಟಾ ಅಲ್ಲೇ ಕಿರಿದಾಗಿದ್ದಾ, ಸತ್ತ ಜಾಗ ಎಷ್ಟಿದೆ, ಬಲೂನ್ ಒಂದೇ ಸಾಕಾಗ್ತದಾ, ಬಿಟ್ರೆ ಏನಾಗ್ತದೆ. ಅವ್ರು ನನ್ನ ಹತ್ರ ಕೇಳಿದ್ದು ಮೂರೇ. ಕೊನೇ ಸಲ ಸರಿ ಇದ್ದದ್ದು ಯಾವಾಗ, ಯಾವ ಮಾತ್ರೆ ತಗೊಳ್ತಾರೆ, ತೂಕ ಎಷ್ಟು. ತೂಕಕ್ಕೆ ನಾವು ಮೂರು ಜನ ಮುಖ ಮುಖ ನೋಡ್ಕೊಂಡ್ವಿ. ಜಗಲಿಯಲ್ಲಿದ್ದ ಒಂದೊಂದು ಅಡಿಕೆ ಚೀಲದ ತೂಕ ಗ್ರಾಂ ಸಮೇತ ಗೊತ್ತಿತ್ತು, ದೊಡ್ಡಪ್ಪಂದು ಯಾರಿಗೂ ಗೊತ್ತಿಲ್ಲ. ಈಗ ದೊಡ್ಡಮ್ಮ ಅಡಿಗೆಮನೆ ಕ್ಯಾಲೆಂಡರಲ್ಲಿ ಪ್ರತಿ ತಿಂಗಳ ಒಂದನೇ ತಾರೀಕಿನ ಮನೆಯಲ್ಲಿ ಇಬ್ಬರ ತೂಕವನ್ನೂ ಬರೀತಾರೆ, ಹಾಲಿನ ಲೆಕ್ಕದ ಕೆಳಗೆ.